ಗೇರುತೋಟದ ವಿಷ ಮತ್ತು ಮನುಷ್ಯನ ನರಮಂಡಲ: ಎಂಡೋಸಲ್ಫಾನ್ ಪ್ರಕರಣದ ಚಾರಿತ್ರಿಕ ಅವಲೋಕನ

ಸ್ವಾತಂತ್ರ್ಯೋತ್ತರ ಭಾರತದ ಕೃಷಿಚರಿತ್ರೆಯನ್ನು ಸಾಮಾನ್ಯವಾಗಿ ಇಳುವರಿಯ ಅಂಕಿಅಂಶಗಳ ಮೂಲಕ ನಿರೂಪಿಸಲಾಗಿದೆ. ನೀರಾವರಿಯ ವಿಸ್ತರಣೆ, ಹೊಸ ತಳಿಗಳು, ರಾಸಾಯನಿಕ ಗೊಬ್ಬರ, ಕೀಟನಾಶಕ ಇವು ಆ ನಿರೂಪಣೆಯ ಮುಖ್ಯ ಅಧ್ಯಾಯಗಳು. ಇದೇ ಅವಧಿಗೆ ಇನ್ನೊಂದು ಚರಿತ್ರೆಯೂ ಇದೆ. ಅದು ಆಸ್ಪತ್ರೆಯ ದಾಖಲೆಗಳಲ್ಲಿ, ನ್ಯಾಯಾಲಯದ ಆದೇಶಗಳಲ್ಲಿ, ಪರಸ್ಪರ ಒಪ್ಪದ ತಜ್ಞ ಸಮಿತಿಗಳ ವರದಿಗಳಲ್ಲಿ ಚದುರಿಹೋಗಿದೆ. ಕೀಟದ ನರಮಂಡಲವನ್ನು ಕೆಡಿಸಲೆಂದು ತಯಾರಾದ ರಾಸಾಯನಿಕ ಮನುಷ್ಯನ ನರಮಂಡಲದ ಮೇಲೆ ಬೀರಿದ ಪರಿಣಾಮವನ್ನು ಸಮಾಜ ಯಾವಾಗ ಗುರುತಿಸಿತು, ಯಾವಾಗ ಗುರುತಿಸಲು ನಿರಾಕರಿಸಿತು ಎಂಬುದು ಆ ಚರಿತ್ರೆಯ ತಿರುಳು. ಕಾಸರಗೋಡು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಗೇರುತೋಟಗಳಲ್ಲಿ ಎರಡು ದಶಕಗಳ ಕಾಲ ನಡೆದ ಎಂಡೋಸಲ್ಫಾನ್ ಸಿಂಪಡಣೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ನರಮಂಡಲವನ್ನೇ ಗುರಿಯಾಗಿಸಿದ ರಾಸಾಯನಿಕಗಳು

ಆಧುನಿಕ ಕೀಟನಾಶಕಗಳಲ್ಲಿ ಬಹುಪಾಲು ನರಮಂಡಲದ ವಿಷಗಳೇ ಆಗಿವೆ. ಕೀಟದ ನರಕೋಶಕ್ಕೂ ಮನುಷ್ಯನ ನರಕೋಶಕ್ಕೂ ಗಾತ್ರದಲ್ಲಿ, ಜೋಡಣೆಯಲ್ಲಿ ಅಪಾರ ವ್ಯತ್ಯಾಸವಿದ್ದರೂ ಸಂದೇಶವನ್ನು ಸಾಗಿಸುವ ಮೂಲ ರಾಸಾಯನಿಕ ವ್ಯವಸ್ಥೆ ಎರಡರಲ್ಲಿಯೂ ಬಹಳಮಟ್ಟಿಗೆ ಒಂದೇ. ಆದ್ದರಿಂದ ಒಂದನ್ನು ಕೊಲ್ಲುವ ವಸ್ತು ಇನ್ನೊಂದಕ್ಕೆ ಪೂರ್ಣ ನಿರಪಾಯಕಾರಿಯಾಗಿರುವುದು ಅಪರೂಪ. ಪ್ರಮಾಣ, ಅವಧಿ, ದೇಹ ಆ ವಿಷವನ್ನು ಹೊರಹಾಕುವ ವೇಗ ಇವುಗಳ ಮೇಲೆ ಅಪಾಯದ ಮಟ್ಟ ನಿರ್ಧಾರವಾಗುತ್ತದೆ.

ಡಿಡಿಟಿಯ ಕೀಟನಾಶಕ ಗುಣವನ್ನು ಸ್ವಿಟ್ಜರ್ಲೆಂಡಿನ ಪಾಲ್ ಮ್ಯುಲರ್ 1939ರಲ್ಲಿ ಕಂಡುಹಿಡಿದರು. 1948ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ದೊರೆಯಿತು. ಡಿಡಿಟಿ ನರತಂತುವಿನ ಸೋಡಿಯಂ ದ್ವಾರಗಳು ಮುಚ್ಚಿಕೊಳ್ಳದಂತೆ ತಡೆಯುತ್ತದೆ. ಸಾವಯವ ರಂಜಕದ ಕೀಟನಾಶಕಗಳ ಹುಟ್ಟು ಇನ್ನೂ ಕಠೋರವಾದುದು. ಜರ್ಮನಿಯ ರಸಾಯನವಿಜ್ಞಾನಿ ಗೆರ್ಹಾರ್ಡ್ ಶ್ರೇಡರ್ ಹೊಸ ಕೀಟನಾಶಕಗಳನ್ನು ಅರಸುತ್ತಿದ್ದಾಗ 1936ರಲ್ಲಿ ದೊರೆತ ಟಾಬುನ್, ನಂತರದ ಸಾರಿನ್ ಇವೆರಡೂ ಯುದ್ಧದ ವಿಷಾನಿಲಗಳಾದವು. ಅದೇ ಶೋಧದ ಮುಂದುವರಿಕೆಯಾಗಿ 1944ರಲ್ಲಿ ಪ್ಯಾರಾಥಿಯಾನ್ ರೂಪುಗೊಂಡಿತು. ಈ ವರ್ಗದ ವಸ್ತುಗಳು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತವೆ. ನರಸಂಧಿಯಲ್ಲಿ ಕೆಲಸ ಮುಗಿಸಿದ ಅಸಿಟೈಲ್‌ಕೋಲಿನ್ ವಿಘಟನೆಯಾಗದೆ ಉಳಿದುಬಿಡುತ್ತದೆ. ಬಾಯಲ್ಲಿ ಜೊಲ್ಲು, ಬೆವರು, ವಾಂತಿ, ಸೂಜಿಮೊನೆಯಷ್ಟು ಕುಗ್ಗಿದ ಕಣ್ಣಿನ ಪಾಪೆ, ಸ್ನಾಯುಗಳ ಅದುರುವಿಕೆ, ಕೊನೆಗೆ ಉಸಿರಾಟದ ಸ್ತಂಭನ ಎಂಬ ಲಕ್ಷಣಗಳು ಕ್ರಮವಾಗಿ ಕಾಣಿಸಿಕೊಳ್ಳುತ್ತವೆ.

ಎಂಡೋಸಲ್ಫಾನ್ ಮೂರನೆಯ ಬಗೆಗೆ ಸೇರಿದುದು. ಆಲ್ಡ್ರಿನ್, ಡೈಎಲ್ಡ್ರಿನ್, ಎಂಡ್ರಿನ್‌ಗಳಂತೆ ಇದು ಸೈಕ್ಲೋಡೈಈನ್ ಗುಂಪಿನ ಸಾವಯವ ಕ್ಲೋರಿನ್ ಸಂಯುಕ್ತ. 1950ರ ದಶಕದ ಮಧ್ಯಭಾಗದಲ್ಲಿ ಇದು ಮಾರುಕಟ್ಟೆಗೆ ಬಂದಿತು. ಮಿದುಳಿನಲ್ಲಿ ಉದ್ರೇಕವನ್ನು ಹತೋಟಿಯಲ್ಲಿಡುವ ಪ್ರಮುಖ ನರವಾಹಕವೆಂದರೆ ಗಾಬಾ, ಅಂದರೆ ಗಾಮಾ ಅಮಿನೋ ಬ್ಯುಟರಿಕ್ ಆಮ್ಲ. ಅದು ನರಕೋಶದ ಕ್ಲೋರೈಡ್ ದ್ವಾರಗಳನ್ನು ತೆರೆದು ಅತಿಯಾದ ಪ್ರಚೋದನೆಯನ್ನು ತಣಿಸುತ್ತದೆ. ಎಂಡೋಸಲ್ಫಾನ್ ಈ ದ್ವಾರಗಳನ್ನು ತಡೆಯುತ್ತದೆ. ಹತೋಟಿ ತಪ್ಪಿದ ನರಕೋಶಗಳು ಒಟ್ಟಿಗೆ ಉದ್ರೇಕಗೊಂಡಾಗ ಸೆಳವು ಉಂಟಾಗುತ್ತದೆ. ಸಾವಯವ ರಂಜಕದ ವಿಷಕ್ಕೆ ಅಟ್ರೋಪಿನ್ ಇರುವಂತೆ ಎಂಡೋಸಲ್ಫಾನ್‌ಗೆ ನಿರ್ದಿಷ್ಟ ಪ್ರತಿವಿಷವಿಲ್ಲ. ಸೆಳವನ್ನು ಹತೋಟಿಗೆ ತರುವ ಔಷಧಗಳೇ ಚಿಕಿತ್ಸೆಯ ಆಧಾರ. ಸೈಕ್ಲೋಡೈಈನ್‌ಗಳು ಗಾಬಾ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತವೆಂಬುದು ಪ್ರಯೋಗಾಲಯಗಳಲ್ಲಿ ಸ್ಪಷ್ಟವಾದದ್ದು 1980ರ ದಶಕದ ಆರಂಭದಲ್ಲಿ. ಅದೇ ವರ್ಷಗಳಲ್ಲಿ ಕಾಸರಗೋಡಿನ ಗುಡ್ಡಗಳ ಮೇಲೆ ಹೆಲಿಕಾಪ್ಟರುಗಳು ಎಂಡೋಸಲ್ಫಾನನ್ನು ನಿಯತವಾಗಿ ಸುರಿಯತೊಡಗಿದವು ಎಂಬುದನ್ನು ಇಲ್ಲಿ ಗಮನಿಸಬೇಕು.

2. ಪೂರ್ವೇತಿಹಾಸ: 1958ರ ದುರಂತ ಮತ್ತು 1968ರ ಕಾಯಿದೆ

ಭಾರತದಲ್ಲಿ ಕೀಟನಾಶಕದ ವಿಷಬಾಧೆ ಸಾರ್ವಜನಿಕ ಪ್ರಶ್ನೆಯಾದದ್ದು 1958ರಲ್ಲಿ. ಆ ವರ್ಷ ಕೇರಳದಲ್ಲಿ, ಜೊತೆಗೆ ಮದರಾಸು ರಾಜ್ಯದಲ್ಲಿ, ಗೋಧಿಹಿಟ್ಟಿನ ತಿನಿಸು ತಿಂದ ಜನ ಕೆಲವೇ ಗಂಟೆಗಳಲ್ಲಿ ವಾಂತಿ, ಸೆಳವು, ಉಸಿರಾಟದ ತೊಂದರೆಗಳಿಂದ ಕುಸಿದುಬಿದ್ದರು. ನೂರಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಮುಂಬಯಿಯಿಂದ ಕೊಚ್ಚಿಗೆ ಬಂದ ಹಡಗಿನಲ್ಲಿ ಫಾಲಿಡಾಲ್ ಎಂಬ ಹೆಸರಿನ ಪ್ಯಾರಾಥಿಯಾನ್ ಮತ್ತು ಆಹಾರ ಪದಾರ್ಥಗಳನ್ನು ಒಟ್ಟಿಗೆ ಸಾಗಿಸಲಾಗಿತ್ತು. ಸೋರಿದ ವಿಷ ಹಿಟ್ಟಿನ ಚೀಲಗಳನ್ನು ಸೇರಿತ್ತು. ನ್ಯಾಯಮೂರ್ತಿ ಜೆ.ಸಿ. ಷಾ ಅವರ ವಿಚಾರಣಾ ಆಯೋಗ ಈ ಘಟನೆಗಳನ್ನು ಪರಿಶೀಲಿಸಿತು. ನಂತರ ಪ್ರೊ. ಎಂ.ಎಸ್. ಥಾಕರ್ ಅವರ ಅಧ್ಯಕ್ಷತೆಯ ತಜ್ಞ ಸಮಿತಿ ಕೀಟನಾಶಕಗಳ ಬಳಕೆಯ ಅಪಾಯಗಳನ್ನು ವಿವೇಚಿಸಿತು. ಇವುಗಳ ಫಲವಾಗಿ 1968ರ ಕೀಟನಾಶಕ ಕಾಯಿದೆ, 1971ರ ನಿಯಮಗಳು ಜಾರಿಗೆ ಬಂದವು.

ಈ ಕಾಯಿದೆ ಹುಟ್ಟಿದ ಸಂದರ್ಭ ಅದರ ಸ್ವರೂಪವನ್ನೂ ನಿರ್ಧರಿಸಿತೆಂದು ಹೇಳಬಹುದು. 1958ರ ದುರಂತ ತೀವ್ರ ವಿಷಬಾಧೆಯ ಪ್ರಕರಣ. ಕಾರಣ ಮತ್ತು ಕಾರ್ಯಗಳ ನಡುವಣ ಅಂತರ ಕೆಲವೇ ಗಂಟೆಗಳದ್ದು. ವಿಷವನ್ನು ಹಿಟ್ಟಿನಲ್ಲಿಯೂ ದೇಹದಲ್ಲಿಯೂ ಗುರುತಿಸಲು ಸಾಧ್ಯವಿತ್ತು. ಹಾಗಾಗಿ ಕಾಯಿದೆ ನೋಂದಣಿ, ಚೀಟಿ ಅಂಟಿಸುವಿಕೆ, ಸಾಗಣೆ, ದಾಸ್ತಾನು, ಪರವಾನಗಿಗಳ ಕಡೆಗೆ ಹೆಚ್ಚಿನ ಗಮನ ಹರಿಸಿತು. ಅಲ್ಪ ಪ್ರಮಾಣದ ವಿಷಕ್ಕೆ ವರ್ಷಗಟ್ಟಲೆ ಒಡ್ಡಿಕೊಂಡ ಜನಸಮುದಾಯದ ಆರೋಗ್ಯವನ್ನು ನಿರಂತರವಾಗಿ ಗಮನಿಸುವ ವ್ಯವಸ್ಥೆ ರೂಪುಗೊಳ್ಳಲಿಲ್ಲ. ನೋಂದಣಿಯ ಅಧಿಕಾರ ಕೇಂದ್ರದ ಕೈಯಲ್ಲಿ ಉಳಿಯಿತು. ಅಪಾಯ ಕಂಡುಬಂದಾಗ ರಾಜ್ಯ ಸರಕಾರವೊಂದು 27ನೆಯ ಕಲಮಿನ ಅಡಿಯಲ್ಲಿ ಅಲ್ಪಾವಧಿಯ, ಅಂದರೆ 60 ದಿನಗಳ, ನಿಷೇಧವನ್ನಷ್ಟೇ ಹೇರಬಹುದಾಗಿತ್ತು. ಈ ಮಿತಿ ಮುಂದೆ ಕೇರಳ, ಕರ್ನಾಟಕ ಎರಡೂ ರಾಜ್ಯಗಳ ಅನುಭವಕ್ಕೆ ಬಂದಿತು.

3. ಹಂದಿಗೋಡಿನ ಎಚ್ಚರಿಕೆ

ಎಂಡೋಸಲ್ಫಾನ್ ಪ್ರಕರಣಕ್ಕೆ ಮುನ್ನ ಕರ್ನಾಟಕದಲ್ಲಿಯೇ ನಡೆದ ಇನ್ನೊಂದು ವಿದ್ಯಮಾನವನ್ನು ಉಲ್ಲೇಖಿಸಬೇಕಾಗುತ್ತದೆ. 1970ರ ದಶಕದ ಮಧ್ಯಭಾಗದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮಂಡಿಗಳ ತೀವ್ರ ನೋವಿನಿಂದ ಆರಂಭವಾಗಿ ನಡೆಯಲಾಗದ ಸ್ಥಿತಿಗೆ ಒಯ್ಯುವ ಕಾಯಿಲೆ ಬೆಳಕಿಗೆ ಬಂದಿತು. ಪೀಡಿತರಲ್ಲಿ ಬಹುಪಾಲು ಬಡ ದಲಿತ ಕೃಷಿಕೂಲಿಗಳು. ಗದ್ದೆಗಳಿಗೆ ಎಂಡ್ರಿನ್, ಪ್ಯಾರಾಥಿಯಾನ್ ಸಿಂಪಡಿಸುವ ರೂಢಿ ಆಗ ಬಂದಿತ್ತು. ಗದ್ದೆಯ ಏಡಿ, ಮೀನು ಆ ಜನರ ಆಹಾರವಾಗಿತ್ತು. ಏಡಿಯ ಮೂಲಕ ಕೀಟನಾಶಕ ದೇಹ ಸೇರಿ ಕಾಯಿಲೆ ತಂದಿದೆ ಎಂಬ ಊಹೆ ಸಹಜವಾಗಿಯೇ ಪ್ರಚಾರ ಪಡೆಯಿತು. ಮುಂದಿನ ಅಧ್ಯಯನಗಳು ಇದನ್ನು ಎಲುಬು ಮತ್ತು ಕೀಲುಗಳ ಬೆಳವಣಿಗೆಗೆ ಸಂಬಂಧಿಸಿದ, ವಂಶವಾಹಿಯಾಗಿ ಬರುವ ಕಾಯಿಲೆಯೆಂದು ಗುರುತಿಸಿದವು.

ಈ ಪ್ರಕರಣದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ವಿಷದ ಬಳಕೆ ಮತ್ತು ಕಾಯಿಲೆ ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ ಕಾಣಿಸಿಕೊಂಡ ಮಾತ್ರಕ್ಕೆ ಕಾರ್ಯಕಾರಣ ಸಂಬಂಧ ಸಿದ್ಧವಾಗುವುದಿಲ್ಲ ಎಂಬುದು ಮೊದಲನೆಯದು. ಕಾರಣ ಏನೇ ಇದ್ದರೂ ಪೀಡಿತರ ನೋವು ನೈಜವಾದುದು, ಅದಕ್ಕೆ ಪರಿಹಾರ ಒದಗಿಸುವ ಹೊಣೆ ಕಾರಣದ ಶೋಧ ಮುಗಿಯುವವರೆಗೆ ಕಾಯಲಾರದು ಎಂಬುದು ಎರಡನೆಯದು. ಕಾಸರಗೋಡಿನ ವಿವಾದದಲ್ಲಿ ಒಂದು ಪಕ್ಷ ಮೊದಲನೆಯ ಪಾಠವನ್ನೇ ಹೇಳುತ್ತ ಬಂದಿತು, ಇನ್ನೊಂದು ಪಕ್ಷ ಎರಡನೆಯದನ್ನು.

4. ಗುಡ್ಡದ ಮೇಲಿನ ತೋಟ, ಬುಡದಲ್ಲಿನ ಮನೆ

ಕಾಸರಗೋಡು 1956ರ ರಾಜ್ಯ ಪುನರ್‌ವಿಂಗಡಣೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕಾಗಿತ್ತು. ಕನ್ನಡ, ತುಳು, ಮಲಯಾಳ, ಮರಾಠಿ, ಬ್ಯಾರಿ ಭಾಷೆಗಳನ್ನಾಡುವ ಜನ ಇಲ್ಲಿ ಬೆರೆತು ಬದುಕಿದ್ದಾರೆ. ಪೋರ್ಚುಗೀಸರ ಮೂಲಕ ಹದಿನಾರನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಗೇರು ಈ ಕರಾವಳಿಯ ಮುರಕಲ್ಲಿನ ಗುಡ್ಡಗಳಿಗೆ ಚೆನ್ನಾಗಿ ಹೊಂದಿಕೊಂಡಿತು. 1960ರ ದಶಕದಲ್ಲಿ ಕೇರಳದ ಕೃಷಿ ಇಲಾಖೆ ವಿಸ್ತಾರವಾದ ಗೇರುತೋಟಗಳನ್ನು ಎಬ್ಬಿಸಿತು. ಇವು ಮುಂದೆ ಸರಕಾರಿ ಸ್ವಾಮ್ಯದ ಕೇರಳ ತೋಟಗಾರಿಕಾ ನಿಗಮದ ಅಧೀನಕ್ಕೆ ಬಂದವು. ಪೆರಿಯ, ಚೀಮೇನಿ, ರಾಜಪುರಂ, ಮುಳಿಯಾರು, ಎಣ್ಮಕಜೆ ಮುಂತಾದೆಡೆ ಹರಡಿದ ಈ ತೋಟಗಳ ಒಟ್ಟು ವಿಸ್ತೀರ್ಣ ಸುಮಾರು 4,700 ಹೆಕ್ಟೇರ್.

ಗೇರು ಹೂ ಬಿಡುವ ಕಾಲಕ್ಕೆ ಚಿಗುರು ಮತ್ತು ಹೂಗೊಂಚಲಿನ ರಸ ಹೀರಿ ಒಣಗಿಸುವ ಚಹಾ ಸೊಳ್ಳೆ ಎಂಬ ಕೀಟವನ್ನು ಹತೋಟಿಗೆ ತರಲು ನಿಗಮ ಎಂಡೋಸಲ್ಫಾನನ್ನು ಆಯ್ದುಕೊಂಡಿತು. 1970ರ ದಶಕದ ಕೊನೆಯಲ್ಲಿ ಪ್ರಾಯೋಗಿಕವಾಗಿ ಆರಂಭವಾದ ವೈಮಾನಿಕ ಸಿಂಪಡಣೆ 1981ರಿಂದ 2000ದವರೆಗೆ ವರ್ಷಕ್ಕೆ ಎರಡು ಮೂರು ಬಾರಿಯಂತೆ ನಡೆಯಿತು. ಗುಡ್ಡದ ಇಳಿಜಾರಿನಲ್ಲಿ ಆಳೆತ್ತರ ಮೀರಿ ಬೆಳೆದ ಮರಗಳಿಗೆ ಕೈಪಂಪಿನಿಂದ ಸಿಂಪಡಿಸುವುದಕ್ಕಿಂತ ಹೆಲಿಕಾಪ್ಟರಿನ ಸಿಂಪಡಣೆ ಅಗ್ಗವೂ ಸುಲಭವೂ ಆಗಿತ್ತು.

ಆದರೆ ಆ ನೆಲದ ರಚನೆ ಬಯಲುಸೀಮೆಯಂತಹುದಲ್ಲ. ತೋಟಗಳು ಗುಡ್ಡದ ನೆತ್ತಿಯಲ್ಲಿ. ಮನೆ, ಅಡಿಕೆತೋಟ, ಶಾಲೆಗಳು ಬುಡದ ಕಣಿವೆಯಲ್ಲಿ. ಗುಡ್ಡದ ಮೇಲೆ ಬಿದ್ದ ನೀರೆಲ್ಲ ತೋಡುಗಳ ಮೂಲಕ ಕೆಳಗಿಳಿಯುತ್ತದೆ. ಪಡ್ರೆ ಗ್ರಾಮದ ಕೊಡಂಕೀರಿ ತೋಡು ಇಂತಹ ಜಲಮೂಲಗಳಲ್ಲೊಂದು. ಇದಲ್ಲದೆ ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದು ಒರತೆಯ ನೀರನ್ನು ಹೊರತರುವ ಸುರಂಗಗಳು ಈ ಪ್ರದೇಶದ ವಿಶಿಷ್ಟ ಪರಂಪರೆ. ಅನೇಕ ಮನೆಗಳಿಗೆ ಕುಡಿಯುವ ನೀರು ಅದರಿಂದಲೇ. ಸಿಂಪಡಣೆಯ ದಿನ ಬಾವಿಗಳನ್ನು ಮುಚ್ಚಿಡಬೇಕೆಂಬ ಸೂಚನೆ ಇತ್ತು. ತೆರೆದ ಬಾವಿಯನ್ನು ಸೋಗೆಯಿಂದಲೋ ತಾಡಪಾಲಿನಿಂದಲೋ ಮುಚ್ಚಬಹುದು. ಹರಿಯುವ ತೋಡನ್ನು, ಗುಡ್ಡದ ಮಣ್ಣಿನ ಮೂಲಕ ಜಿನುಗಿ ಬರುವ ಸುರಂಗದ ನೀರನ್ನು ಮುಚ್ಚುವ ಉಪಾಯ ಯಾವ ಸೂಚನಾಪತ್ರದಲ್ಲಿಯೂ ಇರಲು ಸಾಧ್ಯವಿರಲಿಲ್ಲ. ಬಯಲಿನ ಬೆಳೆಗಾಗಿ ರೂಪಿಸಿದ ತಂತ್ರವನ್ನು ಭೂರಚನೆಯ ಪರಿವೆಯಿಲ್ಲದೆ ಗುಡ್ಡಗಾಡಿಗೆ ಅನ್ವಯಿಸಿದ್ದು ಈ ಪ್ರಕರಣದ ಮೂಲಭೂತ ದೋಷವೆನ್ನಬೇಕು.

5. ಗುರುತಿಸಿದವರು

ಪರಿಣಾಮಗಳನ್ನು ಮೊದಲು ಗುರುತಿಸಿದ್ದು ಯಾವುದೇ ಸಂಶೋಧನಾ ಸಂಸ್ಥೆಯಲ್ಲ. ಪಡ್ರೆಯ ಕೃಷಿಕ ಹಾಗೂ ಪತ್ರಕರ್ತ ಶ್ರೀಪಡ್ರೆಯವರು 1970ರ ದಶಕದ ಕೊನೆಯಲ್ಲಿಯೇ ದನಕರುಗಳಲ್ಲಿ ಕಾಣಿಸಿಕೊಂಡ ವೈಕಲ್ಯಗಳನ್ನು ಗಮನಿಸಿ ಬರೆಯತೊಡಗಿದ್ದರು. 1980ರ ದಶಕದ ಆರಂಭದಿಂದ ವಾಣಿನಗರದಲ್ಲಿ ವೈದ್ಯವೃತ್ತಿ ನಡೆಸಿದ ಡಾ. ವೈ.ಎಸ್. ಮೋಹನಕುಮಾರ್ ಅವರು ಒಂದು ಚಿಕ್ಕ ಪ್ರದೇಶದಲ್ಲಿ ಮೂರ್ಛೆರೋಗ, ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ, ಜನ್ಮಜಾತ ವೈಕಲ್ಯ, ಮನೋರೋಗ, ಕ್ಯಾನ್ಸರ್‌ಗಳು ಅಸಹಜವೆನ್ನುವ ಪ್ರಮಾಣದಲ್ಲಿ ಇರುವುದನ್ನು ಕಂಡರು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಹಳ್ಳಿಯ ವೈದ್ಯನಿಗೆ ಯಾವ ಮನೆ ಯಾವ ತೋಡಿನ ದಡದಲ್ಲಿದೆ ಎಂಬುದು ತಿಳಿದಿರುತ್ತದೆ. ನಗರದ ಆಸ್ಪತ್ರೆಗೆ ಒಬ್ಬೊಬ್ಬರಾಗಿ ಬರುವ ರೋಗಿಗಳಲ್ಲಿ ಕಾಣದ ವಿನ್ಯಾಸ ಅಲ್ಲಿ ಕಾಣುತ್ತದೆ.

ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರರೇ ಆಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದ ಮೊರೆಹೊಕ್ಕು ವೈಮಾನಿಕ ಸಿಂಪಡಣೆಯ ವಿರುದ್ಧ ತಡೆಯಾಜ್ಞೆ ಪಡೆದರು. ಕೀಟನಾಶಕದ ದೀರ್ಘಕಾಲಿಕ ಪರಿಣಾಮದ ಪ್ರಶ್ನೆಗೆ ಮೊದಲ ಕಾನೂನಾತ್ಮಕ ಉತ್ತರ ದೊರೆತದ್ದು ದಿಲ್ಲಿಯಲ್ಲಲ್ಲ, ತಾಲ್ಲೂಕು ಮಟ್ಟದ ಕೆಳ ನ್ಯಾಯಾಲಯವೊಂದರಲ್ಲಿ ಎಂಬುದು ಚರಿತ್ರಕಾರರ ಗಮನಕ್ಕೆ ಅರ್ಹವಾದ ಸಂಗತಿ. 2000ದ ಡಿಸೆಂಬರಿನ ನಂತರ ಅಲ್ಲಿ ವೈಮಾನಿಕ ಸಿಂಪಡಣೆ ನಡೆಯಲಿಲ್ಲ.

6. ಪುರಾವೆಯ ವಿವಾದ

2001ರಿಂದ ಮುಂದಿನ ಅವಧಿಯನ್ನು ವರದಿಗಳ ಯುಗವೆಂದು ಕರೆಯಬಹುದು. ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯಿಂದ ನೀರು, ಮಣ್ಣು, ಆಹಾರ, ರಕ್ತ, ಎದೆಹಾಲಿನ ಮಾದರಿಗಳನ್ನು ಪರೀಕ್ಷಿಸಿ ಎಂಡೋಸಲ್ಫಾನ್ ಅವಶೇಷ ಅಧಿಕ ಪ್ರಮಾಣದಲ್ಲಿದೆ ಎಂದು 2001ರ ಆರಂಭದಲ್ಲಿ ಪ್ರಕಟಿಸಿತು. ಅದೇ ವರ್ಷ ತೋಟಗಾರಿಕಾ ನಿಗಮದ ಕೋರಿಕೆಯಂತೆ ತಮಿಳುನಾಡಿನ ಫ್ರೆಡ್ರಿಕ್ ಸಸ್ಯಸಂರಕ್ಷಣೆ ಮತ್ತು ವಿಷವಿಜ್ಞಾನ ಸಂಸ್ಥೆ ನಡೆಸಿದ ಅಧ್ಯಯನ ಇದಕ್ಕೆ ತದ್ವಿರುದ್ಧವಾದ ನಿರ್ಣಯಕ್ಕೆ ಬಂದಿತು. ಒಂದೇ ಗ್ರಾಮದ ಮಾದರಿಗಳಿಂದ ಎರಡು ಪ್ರಯೋಗಾಲಯಗಳು ಎರಡು ಸತ್ಯಗಳನ್ನು ಹೊರತೆಗೆದವು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 2001ರಲ್ಲಿ ನಡೆಸಿದ ಅಧ್ಯಯನ ಈ ಸರಣಿಯಲ್ಲಿ ಹೆಚ್ಚು ವ್ಯವಸ್ಥಿತವಾದುದು. ಅದು ಸಿಂಪಡಣೆಗೆ ಒಳಗಾದ ಪಡ್ರೆಯ ಶಾಲಾಮಕ್ಕಳನ್ನು ಸಿಂಪಡಣೆಯಿಲ್ಲದ ಮೀಂಜದ ಮಕ್ಕಳೊಂದಿಗೆ ಹೋಲಿಸಿತು. ನರ ಮತ್ತು ವರ್ತನೆಗೆ ಸಂಬಂಧಿಸಿದ ತೊಂದರೆಗಳು, ಹೆಣ್ಣುಮಕ್ಕಳಲ್ಲಿ ಜನ್ಮಜಾತ ವೈಕಲ್ಯಗಳು, ಗಂಡುಮಕ್ಕಳಲ್ಲಿ ಸಂತಾನಾಂಗ ಸಂಬಂಧಿ ವ್ಯತ್ಯಯಗಳು ಪಡ್ರೆಯಲ್ಲಿ ಗಮನಾರ್ಹವಾಗಿ ಹೆಚ್ಚಿವೆಯೆಂದೂ ಎಂಡೋಸಲ್ಫಾನ್‌ಗೆ ನಿರಂತರವಾಗಿ ಒಡ್ಡಿಕೊಂಡಿರುವುದೇ ಇದಕ್ಕೆ ಬಹುಮಟ್ಟಿಗೆ ಕಾರಣವಿರಬೇಕೆಂದೂ ಅದು 2002ರ ವರದಿಯಲ್ಲಿ ತಿಳಿಸಿತು. ಇದರ ಒಂದು ಭಾಗ 2003ರಲ್ಲಿ ಅಮೆರಿಕದ ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್‌ಪೆಕ್ಟಿವ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಿಂಪಡಣೆಗೆ ಒಳಗಾದ 117 ಬಾಲಕರು ಮತ್ತು ಹೋಲಿಕೆಗಾಗಿ ಆಯ್ದ 90 ಬಾಲಕರನ್ನು ಒಳಗೊಂಡ ಆ ಪ್ರಬಂಧ ಪ್ರೌಢಾವಸ್ಥೆಯ ಆಗಮನ ತಡವಾಗಿರುವುದನ್ನು ದಾಖಲಿಸಿತು. ಕೊನೆಯ ಸಿಂಪಡಣೆಯಾಗಿ ಸುಮಾರು ಹತ್ತು ತಿಂಗಳು ಕಳೆದಿದ್ದರೂ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಇತ್ತು ಎಂಬುದು ಅದರ ಮಹತ್ವದ ಅಂಶ.

ಇಷ್ಟಾದರೂ ಕೇಂದ್ರ ಸರಕಾರ ನೇಮಿಸಿದ ಓ.ಪಿ. ದುಬೆ ಸಮಿತಿ, ಅನಂತರದ ಸಿ.ಡಿ. ಮಾಯೀ ಸಮಿತಿ ಎರಡೂ ರೋಗಗಳಿಗೂ ಎಂಡೋಸಲ್ಫಾನ್‌ಗೂ ಸಂಬಂಧ ಸಿದ್ಧವಾಗಿಲ್ಲವೆಂದವು. ಕೋಯಿಕ್ಕೋಡ್ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯ ವಿಭಾಗ 2011ರಲ್ಲಿ ಸಲ್ಲಿಸಿದ ವರದಿ ಪೀಡಿತ ಪ್ರದೇಶದಲ್ಲಿ ತೊಂದರೆಗಳು ಹೆಚ್ಚಿರುವುದನ್ನು ಮತ್ತೆ ಎತ್ತಿತೋರಿಸಿತು. ಬೆಂಗಳೂರಿನಿಂದ ಪ್ರಕಟವಾಗುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ 2013ರಲ್ಲಿ ಬಂದ ವಿಮರ್ಶೆಯೊಂದು ಈ ಅಧ್ಯಯನಗಳ ವಿಧಾನವನ್ನು ತೀವ್ರವಾಗಿ ಪ್ರಶ್ನಿಸಿತು.

ಈ ಭಿನ್ನಾಭಿಪ್ರಾಯವನ್ನು ಕೇವಲ ಹಿತಾಸಕ್ತಿಗಳ ಸಂಘರ್ಷವೆಂದು ಬದಿಗೆ ಸರಿಸುವುದು ಸುಲಭ, ಆದರೆ ಅಪೂರ್ಣ. ಇದರ ಬೇರು ಪುರಾವೆಯ ಸ್ವರೂಪದಲ್ಲಿಯೇ ಇದೆ. ತೀವ್ರ ವಿಷಬಾಧೆಯನ್ನು ಸ್ಥಾಪಿಸಲು ಒಬ್ಬ ರೋಗಿ, ಒಂದು ಪರೀಕ್ಷೆ ಸಾಕು. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ದೇವಾಲಯದಲ್ಲಿ ಪ್ರಸಾದ ಸೇವಿಸಿ 17 ಮಂದಿ ಸಾವಿಗೀಡಾದಾಗ ಅದು ಸಾವಯವ ರಂಜಕದ ಕೀಟನಾಶಕವೆಂಬುದು ಅಲ್ಪಕಾಲದಲ್ಲಿಯೇ ತಿಳಿಯಿತು. ದೀರ್ಘಕಾಲಿಕ ಪರಿಣಾಮಕ್ಕೆ ಬೇಕಾಗುವುದು ಜನಸಮುದಾಯದ ಲೆಕ್ಕ. ಸಿಂಪಡಣೆಗೆ ಮುನ್ನ ಆ ಗ್ರಾಮಗಳಲ್ಲಿ ಎಷ್ಟು ಮಕ್ಕಳು ವೈಕಲ್ಯದೊಡನೆ ಹುಟ್ಟುತ್ತಿದ್ದರು, ಎಷ್ಟು ಗರ್ಭಪಾತಗಳಾಗುತ್ತಿದ್ದವು, ಯಾರ ದೇಹಕ್ಕೆ ಎಷ್ಟು ವಿಷ ಸೇರಿತು ಎಂಬ ದಾಖಲೆ ಇರಬೇಕು. ಅಂತಹ ದಾಖಲೆಯನ್ನು 1970ರ ದಶಕದಲ್ಲಿ ಯಾರೂ ಇಡಲಿಲ್ಲ. ಮೂರ್ಛೆರೋಗವಾಗಲಿ ಬುದ್ಧಿಮಾಂದ್ಯವಾಗಲಿ ಎಂಡೋಸಲ್ಫಾನ್ ಒಂದರಿಂದಲೇ ಬರುವ ರೋಗಗಳೂ ಅಲ್ಲ. ಹೆರಿಗೆಯ ಕಾಲದ ತೊಡಕು, ಸೋಂಕು, ಅನುವಂಶೀಯತೆ, ಅಪೌಷ್ಟಿಕತೆ ಇವೂ ಅದೇ ಫಲವನ್ನು ತರಬಲ್ಲವು. ಆದ್ದರಿಂದ ನಿರ್ದಿಷ್ಟ ಮಗುವೊಂದರ ಸ್ಥಿತಿಗೆ ಇದೇ ಕಾರಣವೆಂದು ಖಚಿತವಾಗಿ ಹೇಳುವುದು ಬಹುತೇಕ ಅಸಾಧ್ಯ. ಇಡೀ ಸಮುದಾಯದ ಮೇಲಿನ ಹೊರೆ ಹೆಚ್ಚಿದೆಯೇ ಎಂಬುದನ್ನು ಮಾತ್ರ ಅಳೆಯಬಹುದು.

ಬೆಳೆಯುತ್ತಿರುವ ಮಿದುಳು ವಯಸ್ಕರ ಮಿದುಳಿಗಿಂತ ದುರ್ಬಲ ಎಂಬ ಜೈವಿಕ ಸತ್ಯವನ್ನೂ ಇಲ್ಲಿ ನೆನೆಯಬೇಕು. ಗರ್ಭದಲ್ಲಿ ಮತ್ತು ಶೈಶವದಲ್ಲಿ ಗಾಬಾ ವ್ಯವಸ್ಥೆ ಸಂದೇಶವನ್ನು ತಡೆಯುವುದಕ್ಕಷ್ಟೇ ಅಲ್ಲ, ನರಕೋಶಗಳ ಬೆಳವಣಿಗೆ ಮತ್ತು ಜೋಡಣೆಗೂ ಸಂಬಂಧಿಸಿದೆ. ಸಿಂಪಡಿಸುವ ಕಾರ್ಮಿಕನ ಸುರಕ್ಷತೆಯನ್ನು ಮಾನದಂಡವಾಗಿಟ್ಟುಕೊಂಡು ರೂಪಿಸಿದ ನಿಯಮಗಳು ತೋಡಿನ ನೀರು ಕುಡಿಯುವ ಗರ್ಭಿಣಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

7. ಘಟ್ಟದ ಈಚೆಗಿನ ಊರುಗಳು

ಗಡಿಯ ಈಚೆಗೂ ಇದೇ ಚರಿತ್ರೆ ನಡೆದಿತ್ತು, ಆದರೆ ಸದ್ದು ತಡವಾಗಿ ಕೇಳಿಸಿತು. 1978ರಲ್ಲಿ ಸ್ಥಾಪನೆಯಾದ ಕರ್ನಾಟಕ ಗೇರು ಅಭಿವೃದ್ಧಿ ನಿಗಮ ತನ್ನ ತೋಟಗಳಲ್ಲಿ ಎಂಡೋಸಲ್ಫಾನನ್ನು ಇದೇ ಬಗೆಯಲ್ಲಿ ಬಳಸಿತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಮುಂತಾದ ಗ್ರಾಮಗಳಲ್ಲಿ ವೈಕಲ್ಯಪೀಡಿತ ಮಕ್ಕಳ ಸಂಖ್ಯೆ ಗಮನ ಸೆಳೆಯಿತು. ಕಾಸರಗೋಡಿನಲ್ಲಿ ಮಲಯಾಳ ಪತ್ರಿಕೆಗಳು, ರಾಜಕೀಯ ಪಕ್ಷಗಳು, ಸಾಹಿತಿಗಳು ವಿಷಯವನ್ನು ರಾಜ್ಯವ್ಯಾಪಿ ಚರ್ಚೆಯಾಗಿಸಿದ್ದರು. ಅಂಬಿಕಾಸುತನ್ ಮಾಂಙಾಡ್ ಅವರ ‘ಎಣ್ಮಕಜೆ’ ಎಂಬ ಮಲಯಾಳ ಕಾದಂಬರಿ ಕನ್ನಡನುಡಿಯ ಊರಿನ ನೋವನ್ನು ಕೇರಳದ ಓದುಗರಿಗೆ ತಲುಪಿಸಿತ್ತು. ಕೊಕ್ಕಡದ ಜನರಿಗೆ ಅಂತಹ ಬೆಂಬಲ ಬಹುಕಾಲ ದೊರೆಯಲಿಲ್ಲ. ಸ್ಥಳೀಯ ಹೋರಾಟ ಸಮಿತಿಯ ಪ್ರಯತ್ನಗಳ ಫಲವಾಗಿ 2010ರ ಸುಮಾರಿಗೆ ಸರಕಾರ ಪೀಡಿತ ಕುಟುಂಬಗಳಿಗೆ ತಲಾ 50 ಸಾವಿರ ರೂಪಾಯಿಗಳ ಪರಿಹಾರ ನೀಡಿತು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಎಂಡೋಸಲ್ಫಾನ್ ಬಳಕೆಯನ್ನು ನಿಷೇಧಿಸಿತು. ಕಾಯಿದೆಯ ಮಿತಿಯಿಂದಾಗಿ ಅದು ತಾತ್ಕಾಲಿಕ ನಿಷೇಧವಾಗಿತ್ತು. ಮುಂದೆ ಉಚ್ಚ ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಪೀಡಿತರನ್ನು ಗುರುತಿಸುವ ಕಾರ್ಯ ನಡೆದು, ವೈಕಲ್ಯದ ಪ್ರಮಾಣವನ್ನು ಆಧರಿಸಿದ ಮಾಸಾಶನ ಮತ್ತು ಹಗಲು ಪಾಲನಾ ಕೇಂದ್ರಗಳ ವ್ಯವಸ್ಥೆಯಾಯಿತು.

ಆಡಳಿತಗಡಿ ರೋಗದ ಗಡಿಯಲ್ಲ. ಆದರೂ ಪರಿಹಾರದ ಮೊತ್ತ, ಗುರುತಿಸುವಿಕೆಯ ಮಾನದಂಡ, ಚಿಕಿತ್ಸೆಯ ಸೌಲಭ್ಯ ಇವೆಲ್ಲ ಗಡಿಯ ಎರಡು ಬದಿಗಳಲ್ಲಿ ಭಿನ್ನವಾದವು. ಒಂದೇ ಭಾಷೆ, ಒಂದೇ ನೆಂಟಸ್ತಿಕೆ, ಒಂದೇ ಬಗೆಯ ಬೇಸಾಯದ ಜನ ಎರಡು ರಾಜ್ಯಗಳ ಎರಡು ಪಟ್ಟಿಗಳಲ್ಲಿ ಹಂಚಿಹೋದರು.

8. ನಿಷೇಧ ಮತ್ತು ಅದರ ಆಚೆಗೆ

ಸ್ಟಾಕ್‌ಹೋಮ್ ಒಡಂಬಡಿಕೆಯ ಪರಿಶೀಲನಾ ಸಮಿತಿ 2010ರ ಅಕ್ಟೋಬರಿನಲ್ಲಿ ಎಂಡೋಸಲ್ಫಾನನ್ನು ಜಾಗತಿಕವಾಗಿ ತೊಡೆದುಹಾಕಬೇಕೆಂದು ಶಿಫಾರಸು ಮಾಡಿದಾಗ ಭಾರತ ಅದನ್ನು ವಿರೋಧಿಸಿತು. ಆ ಹೊತ್ತಿಗೆ ಭಾರತ ಈ ಕೀಟನಾಶಕದ ಅತಿದೊಡ್ಡ ಉತ್ಪಾದಕ ದೇಶವಾಗಿತ್ತು. ಸಾರ್ವಜನಿಕ ವಲಯದ ಕಾರ್ಖಾನೆಯೂ ಉತ್ಪಾದಕರಲ್ಲಿ ಸೇರಿತ್ತು. ಅಗ್ಗದ ಕೀಟನಾಶಕವೊಂದನ್ನು ಕೈಬಿಟ್ಟರೆ ಸಣ್ಣ ರೈತರಿಗೆ ಹೊರೆಯಾಗುತ್ತದೆಂಬ ವಾದವೂ ಮುಂದೆ ಬಂದಿತು. 2010ರ ಡಿಸೆಂಬರ್ 31ರಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಮೃತರ ಕುಟುಂಬಗಳಿಗೆ ಮತ್ತು ಹಾಸಿಗೆ ಹಿಡಿದವರಿಗೆ 5 ಲಕ್ಷ ರೂಪಾಯಿ, ಇತರ ಪೀಡಿತರಿಗೆ 3 ಲಕ್ಷ ರೂಪಾಯಿ ನೀಡಬೇಕೆಂದು ಸೂಚಿಸಿತು. 2011ರ ಏಪ್ರಿಲ್ ಕೊನೆಯಲ್ಲಿ ಜಿನೀವಾದಲ್ಲಿ ನಡೆದ ಸಮಾವೇಶ ಕೆಲವು ವಿನಾಯಿತಿಗಳೊಡನೆ ಎಂಡೋಸಲ್ಫಾನನ್ನು ನಿರ್ಮೂಲನದ ಪಟ್ಟಿಗೆ ಸೇರಿಸಿತು. ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶಾದ್ಯಂತ ಅದರ ಉತ್ಪಾದನೆ, ಮಾರಾಟ, ಬಳಕೆಗಳನ್ನು ಮಧ್ಯಂತರ ಆದೇಶದ ಮೂಲಕ ತಡೆಯಿತು. ಪೂರ್ಣ ಪುರಾವೆ ಸಿದ್ಧವಾಗುವವರೆಗೆ ಅಪಾಯವನ್ನು ಮುಂದುವರಿಸಲಾಗದು ಎಂಬ ಮುಂಜಾಗ್ರತಾ ತತ್ತ್ವಕ್ಕೆ ಇದರಿಂದ ಮನ್ನಣೆ ದೊರೆಯಿತು.

2017ರ ಜನವರಿ 10ರಂದು ಅದೇ ನ್ಯಾಯಾಲಯ ಪೀಡಿತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ನೀಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಐದು ವರ್ಷಗಳ ನಂತರ, 2022ರ ಮೇ ತಿಂಗಳಲ್ಲಿ, 3,704 ಪೀಡಿತರ ಪೈಕಿ ಕೇವಲ 8 ಮಂದಿಗೆ ಹಣ ಸಂದಿದೆ ಎಂಬುದನ್ನು ಕಂಡು ನ್ಯಾಯಾಲಯ ಕಟುವಾಗಿ ಟೀಕಿಸಬೇಕಾಯಿತು. ನಿಷೇಧದ ಆದೇಶ ಎರಡು ವಾರಗಳಲ್ಲಿ ಬರಬಲ್ಲದು. ನೆರವು ಮನೆಬಾಗಿಲಿಗೆ ತಲುಪಲು ಐದು ವರ್ಷವೂ ಸಾಲದು ಎಂಬುದನ್ನು ಈ ಅಂಕಿಗಳು ಹೇಳುತ್ತವೆ.

ಎಂಡೋಸಲ್ಫಾನ್ ಹಿಂದೆ ಸರಿದರೂ ನರಮಂಡಲದ ವಿಷಗಳ ಬಳಕೆ ನಿಂತಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಹತ್ತಿಗೆ ಸಿಂಪಡಿಸುತ್ತಿದ್ದ ಕೃಷಿಕರು, ಕೂಲಿಗಳು ನೂರಾರು ಸಂಖ್ಯೆಯಲ್ಲಿ ಆಸ್ಪತ್ರೆ ಸೇರಿ ಹಲವರು ಸಾವಿಗೀಡಾದರು. ಅಂತಹ ತೀವ್ರ ಪ್ರಕರಣಗಳು ವಾರ್ತೆಯಾಗುತ್ತವೆ. ವರ್ಷಗಟ್ಟಲೆ ಸಿಂಪಡಿಸಿದವರಲ್ಲಿ ಕಾಣಿಸುವ ಕೈನಡುಕ, ಮರೆವು, ಜೋಮು, ನಿದ್ರಾಹೀನತೆಗಳು ವಾರ್ತೆಯಾಗುವುದಿಲ್ಲ. ಅವನ್ನು ಬರೆದಿಡುವ ಪುಸ್ತಕವೂ ಬಹುತೇಕ ಆರೋಗ್ಯ ಕೇಂದ್ರಗಳಲ್ಲಿಲ್ಲ.

9. ಉಪಸಂಹಾರ

ಎಂಡೋಸಲ್ಫಾನ್ ಪ್ರಕರಣದ ಚರಿತ್ರೆಯಿಂದ ಹೊರಡುವ ಮುಖ್ಯ ನಿರ್ಣಯ ದಾಖಲೆಗೆ ಸಂಬಂಧಿಸಿದುದು. ಸಿಂಪಡಿಸಿದ ದಿನ, ಬಳಸಿದ ಪ್ರಮಾಣ, ಗಾಳಿಯ ದಿಕ್ಕು ಇವುಗಳನ್ನು ಇಡಬೇಕಾದವರು ನಿಗಮಗಳು. ಹುಟ್ಟು, ಸಾವು, ವೈಕಲ್ಯ, ಗರ್ಭಪಾತಗಳನ್ನು ಬರೆದಿಡಬೇಕಾದದ್ದು ಆರೋಗ್ಯ ಇಲಾಖೆ. ಇವೆರಡೂ ಇಲ್ಲದಾಗ ಪುರಾವೆಯ ಭಾರವೆಲ್ಲ ಅದನ್ನು ಹೊರಲು ಅತ್ಯಂತ ಅಸಮರ್ಥರಾದ ಜನರ ಮೇಲೆ, ಅಂದರೆ ಮಗುವನ್ನು ಎತ್ತಿಕೊಂಡು ವೈದ್ಯಕೀಯ ಶಿಬಿರದ ಸರದಿಯಲ್ಲಿ ನಿಂತ ತಾಯಂದಿರ ಮೇಲೆ, ಬಿದ್ದಿತು. ವಿಜ್ಞಾನದ ಸಂಶಯ ನ್ಯಾಯವಾದುದೇ. ಆದರೆ ಆ ಸಂಶಯದ ಲಾಭ ಇಪ್ಪತ್ತು ವರ್ಷಗಳ ಕಾಲ ರಾಸಾಯನಿಕಕ್ಕೆ ದೊರೆಯಿತು, ಅದನ್ನು ಉಸಿರಾಡಿದವರಿಗೆ ದೊರೆಯಲಿಲ್ಲ.

ಈ ಚರಿತ್ರೆಯ ಆಕರಗಳು ಈಗಲೂ ಚೆಲ್ಲಾಪಿಲ್ಲಿಯಾಗಿವೆ. ಹಳ್ಳಿಯ ವೈದ್ಯರ ಟಿಪ್ಪಣಿಗಳು, ಪಂಚಾಯತಿಯ ಠರಾವುಗಳು, ಹೋರಾಟ ಸಮಿತಿಗಳ ಕರಪತ್ರಗಳು, ಕನ್ನಡ, ಮಲಯಾಳ ಪತ್ರಿಕೆಗಳ ಸ್ಥಳೀಯ ಆವೃತ್ತಿಗಳು, ಕೆಳ ನ್ಯಾಯಾಲಯಗಳ ಕಡತಗಳು ಇವು ಕಾಲಕ್ರಮದಲ್ಲಿ ನಾಶವಾಗುವ ಸ್ಥಿತಿಯಲ್ಲಿವೆ. ಸಮಿತಿಗಳ ಅಚ್ಚಾದ ವರದಿಗಳು ಗ್ರಂಥಾಲಯಗಳಲ್ಲಿ ಉಳಿಯುತ್ತವೆ. ಆ ವರದಿಗಳು ಯಾರ ಕುರಿತು ಬರೆಯಲ್ಪಟ್ಟವೋ ಅವರ ಮಾತು ಉಳಿಯುವುದಿಲ್ಲ. ಗಡಿಯ ಎರಡೂ ಬದಿಗಳ ಆಕರಗಳನ್ನು ಒಂದೆಡೆ ಸಂಗ್ರಹಿಸಿ, ಭಾಷೆಯ ಭೇದವಿಲ್ಲದೆ ಸೂಚಿಯನ್ನು ಸಿದ್ಧಪಡಿಸುವುದು ಗ್ರಂಥಾಲಯಗಳೂ ವಿಶ್ವವಿದ್ಯಾಲಯಗಳೂ ಕೈಗೊಳ್ಳಬೇಕಾದ ತುರ್ತು ಕಾರ್ಯ. ಸಿಂಪಡಣೆಯ ಕಾಲದಲ್ಲಿ ಹುಟ್ಟಿದ ಮಕ್ಕಳು ಇಂದು ನಡುವಯಸ್ಸಿನತ್ತ ಸಾಗಿದ್ದಾರೆ. ಅವರನ್ನು ನೋಡಿಕೊಳ್ಳುತ್ತಿರುವ ತಂದೆತಾಯಿಗಳು ಮುದುಕರಾಗಿದ್ದಾರೆ. ತಾವಿಲ್ಲದ ಮೇಲೆ ಮಕ್ಕಳನ್ನು ಯಾರು ನೋಡಿಕೊಳ್ಳುವರೆಂಬ ಅವರ ಪ್ರಶ್ನೆಗೆ ಇದುವರೆಗಿನ ಯಾವ ಸಮಿತಿಯ ವರದಿಯೂ ಸಮರ್ಪಕವಾದ ಉತ್ತರವನ್ನು ನೀಡಿಲ್ಲ.